ಚಾರ್ಲ್ಸ್‌ಟನ್ ಪ್ಲಾಂಟೇಶನ್ ಟ್ರಿಪ್ಪಿಗೆ ಮಕ್ಕಳನ್ನ ಕಳಿಸೋ ಮುಂಚೆ

ಸ್ಕೂಲಿಂದ ಸೌತ್ ಕ್ಯಾರೊಲಿನಾದ ಚಾರ್ಲ್ಸ್‌ಟನ್ ಪ್ಲಾಂಟೇಶನ್ (ಹಿಂದೆ ಗುಲಾಮರು ದುಡೀತಿದ್ದ ದೊಡ್ಡ ಎಸ್ಟೇಟು) ನೋಡೋಕೆ ಕರ್ಕೊಂಡು ಹೋಗ್ತಾರಂತೆ, ಮಗಳನ್ನ ಕಳಿಸ್ಲಾ ಬೇಡ್ವಾ ಅಂತ ಕೇಳಿದ್ರಲ್ಲ, ಕಣ್ಮುಚ್ಚಿ ಕಳಿಸಿ. "ಕರಿಯರ ಗುಲಾಮಗಿರಿ ಅವರವರ ಹಳೇ ಜಗಳ, ನಮಗ್ಯಾಕೆ" ಅಂತ ಅಮೆರಿಕದ ಕನ್ನಡಿಗರ ಈ ಗುಂಪಲ್ಲೊಬ್ರು ಬರೆದಿದ್ದಾರೆ, ಅದನ್ನ ನಾನು ಒಪ್ಪಲ್ಲ, ಆ ವಿಷಯಕ್ಕೆ ಆಮೇಲೆ ಬರ್ತೀನಿ. ಆದ್ರೆ ಕಳಿಸೋ ಮುಂಚೆ ಮನೇಲಿ ಕೂತು ಸ್ವಲ್ಪ ಮಾತಾಡಿ, ಯಾಕಂದ್ರೆ ಮಕ್ಕಳ ತಲೇಲಿ ಇರೋ ಚಿತ್ರ ಒಂದೇ: ಹತ್ತಿ ಹೊಲ, ಚಾಟಿ, ಆಮೇಲೆ ಲಿಂಕನ್ ಬಂದ, ಎಲ್ಲಾ ಸರಿಹೋಯ್ತು.

ಮೊದಲನೇದಾಗಿ ಚಾರ್ಲ್ಸ್‌ಟನ್ ಶ್ರೀಮಂತ ಆಗಿದ್ದೇ ಭತ್ತದಿಂದ. ಪಶ್ಚಿಮ ಆಫ್ರಿಕಾದ ಭತ್ತ ಬೆಳೆಯೋ ಸೀಮೆಗಳಿಂದಾನೂ ತುಂಬಾ ಜನರನ್ನ ಹಿಡಿದು ತಂದಿದ್ರು. ಅಲ್ಲಿ ನಡೀತಿದ್ದದ್ದು ಟಾಸ್ಕ್ ಪದ್ಧತಿ, ದಿನಕ್ಕೆ ಇಷ್ಟು ಜಾಗ ಅಂತ ಗೊತ್ತು ಮಾಡೋರು, ಅದು ಮುಗಿಸಿದ್ರೆ ಉಳಿದ ಹೊತ್ತಲ್ಲಿ ತಮ್ಮ ತರಕಾರಿ ಕೋಳಿ ನೋಡ್ಕೋಬಹುದಿತ್ತು. ಬೇಸಿಗೇಲಿ ಮಲೇರಿಯಾಗೆ ಹೆದರಿ ಯಜಮಾನರು ಊರು ಬಿಡ್ತಿದ್ರು, ಅದೂ ಒಂದು ಕಾರಣಕ್ಕೆ ಅಲ್ಲಿನ ಕರಿಯರ ಗಲ್ಲಾ (Gullah) ಭಾಷೆ, ಅಡುಗೆ, ಹಾಡು ಎಲ್ಲಾ ಇವತ್ತಿಗೂ ಉಳಿದಿದೆ. ಹಾಗಂತ ಸುಖವಾಗಿದ್ರು ಅಂದ್ಕೋಬೇಡಿ, ಗದ್ದೆ ನೀರಲ್ಲಿ ನಿಂತು ನಿಂತು ಸಾಯ್ತಿದ್ರು, ಹುಟ್ಟಿದ ಮಕ್ಕಳು ಉಳೀತಿದ್ದದ್ದೇ ಕಮ್ಮಿ. ಮಿಸಿಸಿಪಿ ಹತ್ತಿ ಹೊಲದಲ್ಲಿ ಬೆಳಗಿಂದ ಕತ್ತಲಾಗೋವರೆಗೂ ಗ್ಯಾಂಗ್ ಕೆಲಸ, ಅಂದ್ರೆ ಗುಂಪಾಗಿ ಕಾವಲಲ್ಲಿ ದುಡಿಸೋದು, ಲೂಸಿಯಾನಾ ಕಬ್ಬಿನ ಕಡೆ ಹೋದ್ರಂತೂ ಕಥೆ ಇನ್ನೂ ಘೋರ. 1808ರಲ್ಲಿ ಹೊರಗಿಂದ ಗುಲಾಮರನ್ನ ತರೋದು ನಿಂತಮೇಲೆ ವರ್ಜೀನಿಯಾ, ಮೇರಿಲ್ಯಾಂಡ್ ಕಡೆಯೋರು ತಮ್ಮಲ್ಲಿದ್ದವರನ್ನೇ ದಕ್ಷಿಣಕ್ಕೆ ಮಾರೋದನ್ನ ದೊಡ್ಡ ದಂಧೆ ಮಾಡ್ಕೊಂಡ್ರು. 1790ರಿಂದ 1860ರೊಳಗೆ ಸುಮಾರು 10 ಲಕ್ಷ ಜನ ಹೀಗೆ ದಕ್ಷಿಣಕ್ಕೂ ಪಶ್ಚಿಮಕ್ಕೂ ಸಾಗಿಸಲ್ಪಟ್ರು, ಗಂಡ ಒಂದು ಕಡೆ, ಹೆಂಡ್ತಿ ಮಕ್ಕಳು ಒಂದು ಕಡೆ.

ಹೆಣ್ಣುಮಕ್ಕಳಿರೋರು ಇದನ್ನ ಗಮನಿಸಿ. 1656ರಲ್ಲಿ ವರ್ಜೀನಿಯಾದಲ್ಲಿ ಎಲಿಜಬೆತ್ ಕೀ ಅನ್ನೋ ಹೆಂಗಸು, ನಮ್ಮಪ್ಪ ಇಂಗ್ಲಿಷಿನವನು, ನಾನು ಗುಲಾಮಳಲ್ಲ ಅಂತ ಕೇಸ್ ಹಾಕಿ ಗೆದ್ದಳು. ಇಂಗ್ಲಿಷ್ ಕಾನೂನಲ್ಲಿ ಮಗುಗೆ ಅಪ್ಪನ ಸ್ಥಾನಮಾನ. ಇನ್ನು ಹೀಗೇ ಬಿಟ್ರೆ ಕಷ್ಟ ಅಂತ 1662ರಲ್ಲಿ ಕಾನೂನೇ ತಿರುಗಿಸಿಬಿಟ್ರು, ತಾಯಿ ಗುಲಾಮಳಾದ್ರೆ ಮಗೂನೂ ಗುಲಾಮ. ಅಂದ್ರೆ ಯಜಮಾನ ಅವಳ ಮೇಲೆ ಕೈ ಹಾಕಿದ್ರೂ ಹುಟ್ಟೋ ಮಗು ಅವನ ಆಸ್ತಿ! 1855ರಲ್ಲಿ ಮಿಸೌರಿಯಲ್ಲಿ ಸೀಲಿಯಾ ಅನ್ನೋ ಹುಡುಗಿ ವರ್ಷಗಟ್ಟಲೆ ತನ್ನನ್ನ ಕೆಡಿಸ್ತಿದ್ದ ಯಜಮಾನನ್ನ ಕೊಂದಳು, ಹೆಂಗಸಿಗೆ ಮಾನ ಕಾಪಾಡ್ಕೊಳ್ಳೋ ಹಕ್ಕಿದೆ ಅಂತ ಲಾಯರ್ ವಾದಿಸಿದ್ರೂ ಕೋರ್ಟು ಕಿವಿಗೆ ಹಾಕ್ಕೊಳ್ಳಲಿಲ್ಲ, ಗಲ್ಲಿಗೇರಿಸಿದ್ರು. ಬಿಳಿ ಹೆಂಗಸರು ಪಾಪ ಏನೂ ಗೊತ್ತಿಲ್ದೆ ಮನೇಲಿದ್ರು ಅನ್ನೋದೂ ಸುಳ್ಳು, ನಾವು ಮದುವೇಲಿ ಮಗಳಿಗೆ ಚಿನ್ನ ಕೊಡೋ ಹಾಗೆ ಅಲ್ಲಿ ಗುಲಾಮರನ್ನ ಕೊಡ್ತಿದ್ರು. ಚಿಕ್ಕ ಮಕ್ಕಳಿಗೆ ಎಷ್ಟು ಹೇಳ್ಬೇಕು ಅನ್ನೋದು ನಿಮಗೆ ಬಿಟ್ಟಿದ್ದು.

ದುಡ್ಡಿನ ವಿಷಯ. 1860ರಲ್ಲಿ ದಕ್ಷಿಣದ ಬಿಳಿ ಕುಟುಂಬಗಳಲ್ಲಿ ಹೆಚ್ಚುಕಮ್ಮಿ ಕಾಲು ಭಾಗಕ್ಕೆ ಮಾತ್ರ ಗುಲಾಮರಿದ್ರು. ಹಾಗಿದ್ರೆ ಬಡ ಬಿಳಿಯರು ಯಾಕೆ ಸುಮ್ಮನಿದ್ರು? 1676ರಲ್ಲಿ ವರ್ಜೀನಿಯಾದಲ್ಲಿ ಸರ್ಕಾರದ ವಿರುದ್ಧ ಬೇಕನ್ ದಂಗೆ ಆದಾಗ ಬಿಳಿ ಕೂಲಿಗಳೂ ಕರಿಯರೂ ಒಟ್ಟಿಗೆ ಬಂದೂಕು ಹಿಡಿದಿದ್ರು, ಆಮೇಲೆ ಅಲ್ಲಿನ 1705ರ ಕಾನೂನಿನಲ್ಲಿ ಬಣ್ಣದ ಗೆರೆ ಇನ್ನೂ ದಪ್ಪ ಆಯ್ತು, ಬಡವನಿಗೆ ಹೊಲ ಸಿಗದಿದ್ರೂ ರಾತ್ರಿ ಗಸ್ತು ತಿರುಗಿ ಇನ್ನೊಬ್ಬನನ್ನ ಹೊಡೆಯೋ ಅಧಿಕಾರ ಸಿಕ್ತು. "ಕರಿಯರೂ ಗುಲಾಮರನ್ನ ಇಟ್ಕೊಂಡಿದ್ರಲ್ಲ" ಅಂತ ಯಾರಾದ್ರೂ ವಾಟ್ಸಾಪ್ ಜ್ಞಾನ ಹಂಚಿದ್ರೆ, ಹೌದು, ಸೌತ್ ಕ್ಯಾರೊಲಿನಾದ ವಿಲಿಯಂ ಎಲಿಸನ್ ಹತ್ರ 60ಕ್ಕಿಂತ ಜಾಸ್ತಿ ಜನ ಇದ್ರು, ಅವನೇ ಒಂದು ಕಾಲದಲ್ಲಿ ಗುಲಾಮ, ಹತ್ತಿ ಜಿನ್ (ಹತ್ತಿಯಿಂದ ಬೀಜ ಬಿಡಿಸೋ ಯಂತ್ರ) ಮಾಡಿ ದುಡ್ಡು ಮಾಡಿದವನು. ಆದ್ರೆ ಅಂಥವರು ಬೆರಳೆಣಿಕೆ. ಬಿಡುಗಡೆ ಮಾಡೋಕೆ ಕಾನೂನೇ ಅಡ್ಡ ಇದ್ದದ್ರಿಂದ ತಮ್ಮ ಹೆಂಡ್ತಿ ಮಕ್ಕಳನ್ನೇ ಕೊಂಡು ಕಾಗದದ ಮೇಲೆ "ಒಡೆಯ" ಆಗಿದ್ದವರೂ ಇದ್ರು, ಅದನ್ನೂ ಸೇರಿಸಿ ಹೇಳಿ.

ಇನ್ನು "ನಮಗ್ಯಾಕೆ" ಅಂದವರಿಗೆ. ಹುಬ್ಬಳ್ಳಿ, ಗದಗ ಕಡೆಯೋರು ಇಲ್ಲಿ ಬೇಕಾದಷ್ಟಿದ್ದೀರಿ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಹತ್ತಿ ಪ್ಲಾಂಟರ್‌ಗಳನ್ನೇ ಕರೆಸಿ ನ್ಯೂ ಆರ್ಲಿಯನ್ಸ್ ಬೀಜ ಬಿತ್ತಿಸಿತು, ಬೇರೆ ಕಡೆ ಕೈಕೊಟ್ಟಿದ್ದು ಧಾರವಾಡದ ಮಣ್ಣಲ್ಲಿ ಹಿಡೀತು. 1861ರಲ್ಲಿ ಸಿವಿಲ್ ವಾರ್ (ಅಮೆರಿಕದ ಉತ್ತರ-ದಕ್ಷಿಣದ ಅಂತರ್ಯುದ್ಧ) ಶುರುವಾಗಿ ಅಮೆರಿಕದ ಹತ್ತಿ ನಿಂತಾಗ ನಮ್ಮ ಕಡೆ ರೇಟು ಆಕಾಶಕ್ಕೆ ಹೋಯ್ತು, ಯುದ್ಧ ಮುಗಿದ ಮೇಲೆ ದಬಕ್ಕನೆ ಬಿತ್ತು. ನಾವು ಇಲ್ಲಿಗೆ ಬರೋಕೆ ಬಾಗಿಲು ತೆರೆದ 1965ರ ಇಮಿಗ್ರೇಶನ್ ಕಾನೂನೂ ಕರಿಯರ ಹೋರಾಟದ ಕಾಲದ ಫಲವೇ. ಮಕ್ಕಳು ವಾಪಸ್ ಬಂದು ಜಾತಿ ಬಗ್ಗೆ ಕೇಳ್ತಾರೆ, ನಮ್ಮಜ್ಜನ ಹೊಲದಲ್ಲಿ ಯಾರು ದುಡೀತಿದ್ರು ಅಂತಾನೂ ಕೇಳ್ತಾರೆ, ವಿಷಯ ಬದಲಾಯಿಸ್ಬೇಡಿ ದಯವಿಟ್ಟು.

ಸ್ಕೂಲಿನವರು ಬರೀ ದೊಡ್ಡ ಬಂಗಲೆ, ತೋಟ ತೋರಿಸಿ ಕರ್ಕೊಂಡು ಬಂದ್ರೆ ಒಂದು ವೀಕೆಂಡು ನೀವೇ ಹೋಗಿ. ಜೇಮ್ಸ್ ಐಲ್ಯಾಂಡಿನ ಮೆಕ್ಲೌಡ್ ಪ್ಲಾಂಟೇಶನ್ನಲ್ಲಿ ಗುಲಾಮರು ಇದ್ದ ಗುಡಿಸಲುಗಳಿವೆ, ಅವರ ಕಥೆಯೇ ಮುಖ್ಯ. ಗ್ಯಾಡ್ಸ್‌ಡೆನ್ಸ್ ವಾರ್ಫಿನಲ್ಲಿ, ಹಡಗುಗಳು ಬಂದಿಳೀತಿದ್ದ ಜಾಗದಲ್ಲೇ, 2023ರಲ್ಲಿ ಆಫ್ರಿಕನ್ ಅಮೆರಿಕನ್ ಮ್ಯೂಸಿಯಂ ತೆರೆದಿದ್ದಾರೆ, ಅದಕ್ಕೇ ಅರ್ಧ ದಿನ ಬೇಕು.