ಇಮ್ಮಾನುವೇಲ್ ಎಂದು ಹೆಸರಿಡುವರು ಅಂತಿದೆ, ಇಟ್ಟಿದ್ದು ಯೇಸು ಅಂತ. ಯಾಕೆ?

ಭಾನುವಾರದ ಟೀಚರ್:
ಸಂಡೇ ಸ್ಕೂಲಿನಲ್ಲಿ ದೊಡ್ಡ ಮಕ್ಕಳ ತರಗತಿ ನನ್ನದು. ಮೊನ್ನೆ ಮತ್ತಾಯನ ಮೊದಲ ಅಧ್ಯಾಯ ಓದಿಸುತ್ತಿದ್ದೆ. ಹನ್ನೊಂದು ವರ್ಷದ ಹುಡುಗಿಯೊಬ್ಬಳು ವಚನಗಳ ಮೇಲೆ ಬೆರಳಿಟ್ಟು ಹೇಳಿದಳು: "ಮಿಸ್, 21ರಲ್ಲಿ ದೇವದೂತ ಯೇಸು ಅಂತ ಹೆಸರಿಡು ಅಂತಾನೆ. 23ರಲ್ಲಿ ಇಮ್ಮಾನುವೇಲ್ ಅಂತ ಹೆಸರಿಡುವರು ಅಂತಿದೆ. 25ರಲ್ಲಿ ಯೋಸೇಫ ಯೇಸು ಅಂತಲೇ ಇಟ್ಟ. ಹಾಗಾದ್ರೆ ಪ್ರವಾದನೆ ತಪ್ಪಾಯ್ತಲ್ವಾ?"

ಇಪ್ಪತ್ತು ವರ್ಷದಿಂದ ಓದುತ್ತಿದ್ದೇನೆ, ಒಂದು ದಿನವೂ ಕಣ್ಣಿಗೆ ಬಿದ್ದಿರಲಿಲ್ಲ. ಬಾಯಿಗೆ ಬಂದಂತೆ "ಎರಡರ ಅರ್ಥವೂ ಒಂದೇ" ಅಂದುಬಿಟ್ಟೆ. ಒಂದೇ ಅಲ್ಲ ಅಂತ ಹೇಳುವಾಗಲೇ ಗೊತ್ತಿತ್ತು. ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗ ಪ್ರವಾದಿ ಯೆಶಾಯನ ಪುಸ್ತಕದ 9:6 ತೆಗೆದ. "ಮಗು ಹುಟ್ಟಿದೆ, ಮಗನನ್ನು ಕೊಟ್ಟಿದ್ದಾರೆ ಅಂತ ಹೇಳಿ ಆಮೇಲೆ ನಿತ್ಯನಾದ ತಂದೆ ಅಂತಾರಲ್ಲ, ಮಗನೋ ತಂದೆಯೋ?"

ಬರುವ ಭಾನುವಾರ ಉತ್ತರ ಕೊಡಬೇಕು. "ಅದು ದೇವರ ರಹಸ್ಯ" ಅನ್ನಬೇಡಿ, ಅದನ್ನೂ ಹೇಳಿ ಆಗಿದೆ.

ಕಿರುದೀಪ:
ಯೇಸು ಹೆಸರು, ಇಮ್ಮಾನುವೇಲ್ ಬಿರುದು. ಅಷ್ಟೇ. ಮಕ್ಕಳಿಗೆ ಇಷ್ಟು ಸಾಕು.

ಅರೆಪಾದ್ರಿ:
ಸಾಕಾಗಲ್ಲ ಕಿರುದೀಪ ಅವರೇ, ಆ ಹುಡುಗಿಗಂತೂ ಸಾಕಾಗಲ್ಲ.

ಸೆಮಿನರಿಯಲ್ಲಿ ಎರಡು ವರ್ಷ ಹೀಬ್ರೂ ಕಲಿತು, ಪಾದ್ರಿಯಾಗದೆ ಎದ್ದು ಬಂದವನು ನಾನು. ವ್ಯಾಕರಣ ಮುಕ್ಕಾಲು ಮರೆತಿದೆ. ಆದರೆ ಒಂದು ಸಂಗತಿ ಉಳಿದುಕೊಂಡಿದೆ: ಹೀಬ್ರೂ ಹೆಸರು ಎಷ್ಟೋ ಸಲ ಒಂದು ಇಡೀ ವಾಕ್ಯ. 'ಇಮ್ಮಾನು' ಅಂದರೆ ನಮ್ಮ ಸಂಗಡ, 'ಏಲ್' ಅಂದರೆ ದೇವರು. ಕ್ರಿಯಾಪದ ಬೇಕಿಲ್ಲ, ವಾಕ್ಯ ಮುಗಿಯಿತು.

ಆ ವಾಕ್ಯ ಹುಟ್ಟಿದ ಜಾಗ ನೋಡಿ: ಮತ್ತಾಯ 1:23 ಎತ್ತಿ ಹೇಳುವ ಯೆಶಾಯ 7:14. ಕ್ರಿ.ಪೂ. 734ರ ಆಸುಪಾಸು. ಅರಾಮಿನ ರೆಚೀನ, ಇಸ್ರಾಯೇಲಿನ ಪೆಕಹ ಇಬ್ಬರೂ ಸೇರಿ ಯೆರೂಸಲೇಮಿನ ಮೇಲೆ ಏರಿ ಬರುತ್ತಿದ್ದಾರೆ. ಯೆಹೂದದ ಅರಸ ಆಹಾಜನ ಎದೆ ಗಾಳಿಗೆ ಸಿಕ್ಕ ಕಾಡಿನ ಮರಗಳ ಹಾಗೆ ಅಲ್ಲಾಡಿತಂತೆ. ಅಗಸರ ಹೊಲದ ದಾರಿಯಲ್ಲಿ ಅವನನ್ನು ನೋಡಲು ಹೋಗುವ ಯೆಶಾಯ ಕೈಹಿಡಿದು ಯಾರನ್ನು ಕರಕೊಂಡು ಹೋಗ್ತಾನೆ? ತನ್ನ ಮಗನನ್ನು. ಆ ಹುಡುಗನ ಹೆಸರು ಶೆಯಾರ್ ಯಾಶೂಬ್, 'ಉಳಿದವರು ಹಿಂದಿರುಗುವರು'. ಪ್ರವಾದಿ ಬಾಯಿ ತೆರೆಯುವ ಮುಂಚೆಯೇ ಪಕ್ಕದಲ್ಲಿ ಒಂದು ಬೋರ್ಡು ನಿಂತಿದೆ! ಇನ್ನೊಬ್ಬ ಮಗನಿಗೆ ಇಟ್ಟ ಹೆಸರು ಮಹೇರ್ ಶಾಲಾಲ್ ಹಾಷ್ ಬಜ್, ಅಂದರೆ ಬೇಗ ಸೂರೆ, ತಟ್ಟನೆ ಕೊಳ್ಳೆ. ಊಟಕ್ಕೆ ಕರೆಯುವಾಗ ಆ ತಾಯಿ ಏನಂತ ಕರೆಯುತ್ತಿದ್ದಳೋ.

ಇಮ್ಮಾನುವೇಲ್ ಅಂಥದ್ದೇ ಇನ್ನೊಂದು ಹೆಸರು. ಮಗುವಿಗೆ ಕೆಟ್ಟದ್ದು ಒಳ್ಳೆಯದು ತಿಳಿಯುವುದರೊಳಗೆ ನಿನ್ನನ್ನು ಹೆದರಿಸುವ ಆ ಇಬ್ಬರು ಅರಸರ ದೇಶ ಹಾಳುಬೀಳುತ್ತದೆ ಅಂತ ಗಡುವು ಕೂಡ ಇದೆ. ಅರಾಮಿನ ರಾಜಧಾನಿ ದಮಸ್ಕ ಕ್ರಿ.ಪೂ. 732ರಲ್ಲಿ ಬಿತ್ತು. ಆದರೆ ಆಹಾಜ ನಂಬದೆ ಅಶ್ಶೂರದ ಅರಸನ ಕಾಲು ಹಿಡಿದ. ಹಾಗಾಗಿ ಮುಂದಿನ ಅಧ್ಯಾಯದಲ್ಲಿ ಅದೇ ಹೆಸರಿನ ರುಚಿ ಬದಲಾಗುತ್ತೆ. 8:8ರಲ್ಲಿ ಅಶ್ಶೂರದ ಪ್ರವಾಹ ಕುತ್ತಿಗೆಯವರೆಗೆ ಏರುತ್ತಿದೆ, "ಇಮ್ಮಾನುವೇಲೇ, ನಿನ್ನ ದೇಶವೆಲ್ಲಾ" ಅನ್ನುವ ಕೂಗು ಕೇಳುತ್ತೆ. ಎರಡೇ ವಚನ ಮುಂದೆ, 8:10ರಲ್ಲಿ, ಅದೇ ಅಕ್ಷರಗಳು ಹೆಸರಾಗಿ ಅಲ್ಲ, ಬರೀ ವಾಕ್ಯವಾಗಿ ಬರುತ್ತವೆ: "ದೇವರು ನಮ್ಮ ಸಂಗಡ ಇದ್ದಾನೆ". ಇದನ್ನು ಮೊದಲ ಸಲ ಕಂಡ ದಿನ ನನಗೆ ನಿದ್ದೆ ಬಂದಿರಲಿಲ್ಲ.

ಈಗ 'ಯೇಸು'. ಹೀಬ್ರೂವಿನಲ್ಲಿ ಯೇಷೂವ, ಯೆಹೋಶುವ ಅನ್ನುವುದರದೇ ಮೊಟಕು ರೂಪ. 'ಯೆಹೋವನು ರಕ್ಷಿಸುತ್ತಾನೆ'. "ತನ್ನ ಜನರನ್ನು ಅವರ ಪಾಪಗಳಿಂದ ಬಿಡಿಸಿ ಕಾಯುವನು" ಅಂತ ದೇವದೂತ ಕಾರಣ ಕೊಡುವುದು ಅದಕ್ಕೇ. ಆ ಶ್ಲೇಷೆ ಹೀಬ್ರೂ ಬಲ್ಲವರಿಗಷ್ಟೇ ಕೇಳಿಸುತ್ತೆ. ಗ್ರೀಕಿನಲ್ಲಿ ಬರೆದ ಮತ್ತಾಯ ಇಮ್ಮಾನುವೇಲಿಗೆ ಅರ್ಥ ಬಿಡಿಸಿ ಹೇಳಿದ, ಯೇಸುವಿಗೆ ಹೇಳಲಿಲ್ಲ. ಆಗ ಆ ಹೆಸರು ಬೀದಿಗೆ ನಾಲ್ಕು ಜನರಿಗೆ ಇದ್ದಿರಬೇಕು.

ಇನ್ನೊಂದು ಸಣ್ಣ ವ್ಯತ್ಯಾಸ: ಯೆಶಾಯನ ಹೀಬ್ರೂ ಪಾಠದಲ್ಲಿ ತಾಯಿ 'ಹೆಸರಿಡುವಳು'. ಮತ್ತಾಯನಲ್ಲಿ 'ಹೆಸರಿಡುವರು', ಬಹುವಚನ. ಅಪ್ಪ ಅಮ್ಮ ಇಟ್ಟ ಹೆಸರು ಯೇಸು. ಆ ಬದುಕನ್ನು ನೋಡಿದ ಜನ ಕೊನೆಗೆ ಹೇಳುವ ಮಾತು ಇಮ್ಮಾನುವೇಲ್. ನಾನು ಓದುವುದು ಹೀಗೆ. ಹೊಸ ಒಡಂಬಡಿಕೆಯಲ್ಲಿ ಆ ಪದ ಮತ್ತೆಲ್ಲೂ ಇಲ್ಲ. ಆದರೆ ಹುಡುಗಿಗೆ ಮತ್ತಾಯನ ಕೊನೆಯ ವಚನ ಓದಲು ಹೇಳಿ. "ನಾನು ಎಲ್ಲಾ ದಿವಸ ನಿಮ್ಮ ಸಂಗಡ ಇರುತ್ತೇನೆ."

ಸಂಶಯದ ತೋಮ:
ಚೆನ್ನಾಗಿದೆ, ಆದರೆ ಅರ್ಧ ಮುಚ್ಚಿಟ್ಟಿದ್ದೀರಿ. 7:14ರಲ್ಲಿ ಆ ಮಗುವಿನ ತಾಯಿಗೆ ಇರುವ ಹೀಬ್ರೂ ಪದ 'ಅಲ್ಮಾ', ಅಂದರೆ ಹರೆಯದ ಹೆಣ್ಣು. ಅದು 'ಕನ್ಯೆ' ಆಗಿದ್ದು ಸೆಪ್ಟುಜಿಂಟ್ ಅನ್ನುವ ಗ್ರೀಕ್ ಅನುವಾದದಿಂದ. ಯೆಹೂದ್ಯರು ಈ ವಚನಗಳನ್ನು ಆಹಾಜನ ಕಾಲದ ಮಗುವಿನ ಬಗ್ಗೆಯೇ ಓದುತ್ತಾರೆ. ಆಹಾಜನ ಮಗ ಹಿಜ್ಕೀಯನೇ ಆ ಮಗು ಅಂತ ಅವರಲ್ಲಿ ಹಳೇ ವಾದವೂ ಇದೆ.

ಅರೆಪಾದ್ರಿ:
ಮುಚ್ಚಿಡಲಿಲ್ಲ ತೋಮ, ಉದ್ದವಾಯಿತು ಅಂತ ನಿಲ್ಲಿಸಿದೆ. 'ಅಲ್ಮಾ' ವಿಷಯ ಒಪ್ಪುತ್ತೇನೆ. 7ನೇ ಅಧ್ಯಾಯಕ್ಕೆ ಹಿಜ್ಕೀಯನನ್ನು ಹೊಂದಿಸಿದರೆ ಮಾತ್ರ ಲೆಕ್ಕ ಕೂಡಲ್ಲ: ಆಹಾಜ ಆಳಿದ್ದು 16 ವರ್ಷ, ಆಮೇಲೆ ಹಿಜ್ಕೀಯ ಪಟ್ಟಕ್ಕೆ ಬಂದಾಗ 25ರ ಪ್ರಾಯ. ಅಂದರೆ ಅಪ್ಪ ಅರಸನಾದಾಗಲೇ ಮಗನಿಗೆ 9. ಆದರೆ 9:6ಕ್ಕೆ ಆ ವಾದ ತೂಕದ್ದೇ. ಅಲ್ಲಿ ಹೀಬ್ರೂ 'ಹುಟ್ಟಿದೆ' ಅನ್ನುತ್ತೆ, ಹುಟ್ಟುವುದು ಅನ್ನಲ್ಲ.

ಟೀಚರ್, ನಿಮ್ಮ ಹಿಂದಿನ ಬೆಂಚಿನವನಿಗೆ: ಅಲ್ಲಿ 'ತಂದೆ' ಅರಸನ ಕೆಲಸದ ಹೆಸರು. ಅದೇ ಪುಸ್ತಕದ 22:21ರಲ್ಲಿ ಎಲ್ಯಾಕೀಮ ಎಂಬ ಅಧಿಕಾರಿ ಯೆರೂಸಲೇಮಿನವರಿಗೆ 'ತಂದೆಯಾಗುವನು' ಅಂತಿದೆ. ಪ್ರಜೆಗಳನ್ನು ಮನೆಮಕ್ಕಳಂತೆ ನೋಡುವವ, ಆ ನೋಟಕ್ಕೆ ಮುಪ್ಪಿಲ್ಲ. ಮಗನೂ ತಂದೆಯೂ ಒಬ್ಬರೇನಾ ಅನ್ನುವ ತ್ರಯೈಕತ್ವದ (ತಂದೆ, ಮಗ, ಪವಿತ್ರಾತ್ಮ ಸೇರಿ ಒಬ್ಬನೇ ದೇವರು ಅನ್ನುವ ನಂಬಿಕೆಯ) ಜಗಳಕ್ಕೆ ಆ ವಚನವನ್ನು ಎಳೆಯಬೇಡಿ. ಅದೇ 9:6ರಲ್ಲಿರುವ 'ಪರಾಕ್ರಮಿಯಾದ ದೇವರು' ಅನ್ನುವ ಹೆಸರು ಮಾತ್ರ ಅಷ್ಟು ಸುಲಭಕ್ಕೆ ಬಗ್ಗಲ್ಲ. 10:21ರಲ್ಲಿ ಅದೇ ಪದಜೋಡಿ ನೇರವಾಗಿ ದೇವರಿಗೇ ಬಳಕೆಯಾಗಿದೆ.

ಇನ್ನು ಅದೇ ವಚನದ ಅಲ್ಪವಿರಾಮದ ಕಥೆ. ನಾವು 'ಅದ್ಭುತಸ್ವರೂಪನು, ಆಲೋಚನಾಕರ್ತನು' ಅಂತ ಬಿಡಿಸಿ ಐದು ಹೆಸರು ಎಣಿಸುತ್ತೇವೆ. ಹೀಬ್ರೂವಿನಲ್ಲಿ ಉಳಿದ ಮೂರೂ ಜೋಡಿಪದಗಳು. ಇದನ್ನೂ ಜೋಡಿಯಾಗಿ ಓದಿದರೆ ಸರಿಯಾಗಿ ನಾಲ್ಕು: 'ಪೆಲೆ ಯೋಏಚ್', ಬೆರಗಾಗುವಂಥ ಸಲಹೆಗಾರ. ಅಶ್ಶೂರದ ಕಾಲು ಹಿಡಿಯಲು ಹೋದ ಅರಸನ ಕಾಲದಲ್ಲಿ ಆ ಮಾತು ಎಲ್ಲಿ ಕುಟುಕಿರಬೇಕು ನೋಡಿ.

ಹಳೇಪುಟ:
ಕುಟುಕುವ ಹೆಸರು ಅಂದಿರಿ, ಯೆರೆಮೀಯ 23:6 ಬಿಟ್ಟರೆ ಹೇಗೆ? ಬರಲಿರುವ ಅರಸನ ಹೆಸರು 'ಯೆಹೋವನೇ ನಮ್ಮ ನೀತಿ'. ಯೆಹೂದದ ಕೊನೆಯ ಅರಸ ಚಿದ್ಕೀಯ, ಆ ಹೆಸರಿನ ಅರ್ಥ 'ಯೆಹೋವನು ನನ್ನ ನೀತಿ'. ಅದೂ ಹುಟ್ಟುಹೆಸರಲ್ಲ. ಅವನು ಮತ್ತನ್ಯ. ಬಾಬೆಲಿನ ನೆಬೂಕದ್ನೆಚ್ಚರ ಪಟ್ಟಕ್ಕೆ ಕೂರಿಸಿ ಇಟ್ಟ ಹೆಸರು ಅದು. ಪ್ರವಾದಿ ಅದನ್ನೇ ತಿರುವಿಹಾಕಿ, 'ನನ್ನ' ತೆಗೆದು 'ನಮ್ಮ' ಹಾಕಿದ. 33:16ರಲ್ಲಿ ಅದೇ ಹೆಸರನ್ನು ಯೆರೂಸಲೇಮ್ ಪಟ್ಟಣಕ್ಕೂ ಕೊಟ್ಟ.

ಭಾನುವಾರದ ಟೀಚರ್:
ತರಗತಿ ಮುಗಿಸಿ ಬಂದೆ. ಮೊದಲು "ಹೋದ ವಾರ ನಾನು ಹೇಳಿದ್ದು ತಪ್ಪು" ಅಂದೆ. ಅದು ಮಕ್ಕಳಿಗೆ ಮಿಕ್ಕ ಎಲ್ಲಕ್ಕಿಂತ ಇಷ್ಟವಾಯಿತು. ಹುಡುಗರೆಲ್ಲ ಮಹೇರ್ ಶಾಲಾಲ್ ಹಾಷ್ ಬಜ್ ಅಂತ ಒಬ್ಬರನ್ನೊಬ್ಬರು ಕರೆದು ಗಲಾಟೆ. ಹುಡುಗಿ 28:20 ಓದಿ ಏನೂ ಹೇಳಲಿಲ್ಲ, ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡಳು. ಹೊರಡುವಾಗ ಬಂದು, "ಮಿಸ್, ಮತ್ತಾಯ 2:23ರಲ್ಲಿ ನಜರೇನು (ನಜರೇತ್ ಊರಿನವನು) ಅನಿಸಿಕೊಳ್ಳುವನು ಅಂತ ಪ್ರವಾದಿಗಳು ಹೇಳಿದ್ದಾರೆ ಅಂತಿದೆ. ಯಾವ ಪ್ರವಾದಿ?" ಅಂದಳು.

ಅರೆಪಾದ್ರಿ:
ಹಳೆಯ ಒಡಂಬಡಿಕೆಯಲ್ಲಿ ಎಲ್ಲಿ ಹುಡುಕಿದರೂ ಆ ಮಾತು ಆ ರೂಪದಲ್ಲಿ ಸಿಗಲ್ಲ. ಯೆಶಾಯ 11:1ರಲ್ಲಿ 'ನೇಚೆರ್' ಅಂತ ಒಂದು ಪದ ಇದೆ, ಕಡಿದ ಬುಡದಿಂದ ಒಡೆಯುವ ಚಿಗುರು. ನಜರೇತಿನ ಹೆಸರಿಗೆ ಉಚ್ಚಾರ ಹತ್ತಿರ ಅಂತ ಕೆಲವರು ಆ ಎಳೆ ಹಿಡಿಯುತ್ತಾರೆ. ಹೊಸ ಥ್ರೆಡ್ ತೆಗೆಯಿರಿ ಟೀಚರ್, ಇದು ಇಲ್ಲಿ ಮುಗಿಯಲ್ಲ.