ಮೇಸ್ತ್ರಿಗೆ ಕೊಟ್ಟರೆ ಕೂಲಿ ಕೊಟ್ಟ ಹಾಗೆ ಆಗುದಿಲ್ಲ

ಪ್ರೀತಾ, ಮಗಾ, ವಾಟ್ಸಾಪ್ ಗ್ರೂಪಿನಲ್ಲಿ ನಿನ್ನ ಮೆಸೇಜು ನೋಡಿದೆ. ಮನೆ ಕಟ್ಟುವ ಕೆಲಸಕ್ಕೆ ಬಂದ ಒಡಿಶಾದ ಹುಡುಗರಿಗೆ ಮೂರು ವಾರದಿಂದ ಕೂಲಿ ಸಿಗಲಿಲ್ಲ, ಶೆಡ್ಡಿನಲ್ಲಿ ಒಬ್ಬ ಜ್ವರ ಬಂದು ಮಲಗಿದ್ದಾನೆ, ಮೇಸ್ತ್ರಿ ಫೋನೇ ತೆಗೀತಿಲ್ಲ. "ಇಷ್ಟರವರೆಗಿನದ್ದು ಮೇಸ್ತ್ರಿಗೆ ಕೊಟ್ಟಾಗಿದೆ, ಇನ್ನು ನಮಗೇನು ಸಂಬಂಧ" ಅಂತ ವಿನೋದ ಹೇಳ್ತಾನೆ, ಸರಿಯಾ ಅಂತ ಕೇಳಿದ್ದಿ. ಸರಿ ಅಲ್ಲ. ಬೈಬಲಿನ ಧರ್ಮೋಪದೇಶಕಾಂಡ 24 ತೆಗೆದು ಓದ್ಲಿಕ್ಕೆ ಹೇಳು ಅವನಿಗೆ, 14, 15ನೇ ವಚನ. ಕೂಲಿಯವ ಸ್ವಂತ ಜನದವನಾದರೂ ಪರದೇಶಿಯಾದರೂ ಹೊತ್ತು ಮುಳುಗುವ ಮೊದಲು ಕೂಲಿ ಕೊಡಬೇಕು. ನಡುವಿನವನ ಕೈಗೆ ಹಾಕಿದರೆ ಮುಗೀತು ಅಂತ ಅಲ್ಲಿ ಬರೆದಿಲ್ಲ.

ನಮ್ಮ ಚರ್ಚಿನ ಸಭೆಯ ಹಾಲ್‌ಗೆ ಸ್ಲ್ಯಾಬ್ ಹಾಕಿದ ವರ್ಷದ ಕಥೆ ದೊಡ್ಡವರಿಗೆಲ್ಲ ಗೊತ್ತುಂಟು. ಸ್ಲ್ಯಾಬ್ ಆದ ಮರುದಿನವೇ ಕಮಿಟಿಯವರು ಮೇಸ್ತ್ರಿಗೆ ಪೂರ್ತಿ ಬಿಲ್ಲು ಕೊಟ್ಟರು. ಅವನು ಹುಡುಗರಿಗೆ ಶನಿವಾರ ಖರ್ಚಿಗೆ ಅಂತ ಐನೂರು ಕೊಡುದು, ಉಳಿದದ್ದು ಊರಿಗೆ ಹೋಗುವಾಗ ಅಂತ ಹಿಡಿದಿಡುದು. ಬಿಲ್ಲು ಕೈಗೆ ಬಂದ ಮೇಲೆ ಮನುಷ್ಯ ನಾಪತ್ತೆ. ಆದಿತ್ಯವಾರ ಆರಾಧನೆ ಬಿಟ್ಟಾಗ ಗೇಟಿನ ಹತ್ತಿರ ಒಬ್ಬ ಹುಡುಗ, ಕೈಯಲ್ಲಿ ಒಂದು ಸಣ್ಣ ಪುಸ್ತಕ. ಪೂರ್ತಿ ದಿನಕ್ಕೆ ಉದ್ದ ಗೆರೆ, ಅರ್ಧ ದಿನಕ್ಕೆ ಗಿಡ್ಡ ಗೆರೆ, ಪುಟ ತುಂಬ ಗೆರೆ. ತಾರೀಕಿಲ್ಲ, ದಿನಕ್ಕೆಷ್ಟು ಅಂತ ಇಲ್ಲ, ಮೇಸ್ತ್ರಿಯ ಸಹಿ ಇಲ್ಲ. ದೂರು ಕೊಡ್ಲಿಕ್ಕೆ ಹೋದರೆ ಮೊದಲು ಕೇಳುದೇ ಆ ಮೂರು. ಕಮಿಟಿಯವರು ರೈಲು ಟಿಕೆಟಿಗೆ ದುಡ್ಡು ಒಟ್ಟು ಮಾಡಿ ಕಳಿಸಿದರು. ದಾನ ಸಿಕ್ಕಿತು, ದುಡಿದ ಕೂಲಿ ಸಿಗಲೇ ಇಲ್ಲ. ಹಿಡಿದಿಟ್ಟ ಕೂಲಿ ಕೂಗುತ್ತದೆ ಅಂತ ಯಾಕೋಬನ ಪತ್ರಿಕೆಯಲ್ಲಿ ಉಂಟು, 5ನೇ ಅಧ್ಯಾಯ. ಅದೇ ಹಾಲ್‌ನಲ್ಲಿ ಕೂತು ಅದನ್ನು ಓದ್ತೇವೆ.

ಹಾಗಾಗಿ ಪೂರ್ತಿ ಹಣ ಮೇಸ್ತ್ರಿ ಕೈಗೆ ಕೊಡಬೇಡಿ. ಕಡೇ ಬಿಲ್ಲು ನಿಮ್ಮ ಕೈಯಲ್ಲಿ ಇದ್ದಷ್ಟು ದಿನ ಮಾತ್ರ ಅವನು ನಿಮ್ಮ ಮಾತು ಕೇಳುದು.

ಇನ್ನೊಂದು, ಬೇಜಾರಾದರೂ ಹೇಳ್ತೇನೆ. ಗಲ್ಫಿನಲ್ಲಿ ಮಗನ ಪಾಸ್‌ಪೋರ್ಟು ಕಂಪೆನಿಯವರು ಹಿಡಿದಿಟ್ಟಿದ್ದಾರೆ ಅಂತ ಪ್ರಾರ್ಥನೆಗೆ ಕೊಡ್ತೇವೆ. ಜಾರ್ಖಂಡಿನ ಕೆಲಸದ ಹುಡುಗಿಯ ಆಧಾರ್ ಕಾರ್ಡನ್ನು ನಾವೇ ಕಪಾಟಿನಲ್ಲಿಟ್ಟು ಬೀಗ ಹಾಕ್ತೇವೆ, ಓಡಿ ಹೋದರೆ ಅಂತ. ಹೊರಗಿನವರು ಬಂದು ಊರು ಹಾಳಾಯ್ತು ಅಂತ ಇದೇ ಗ್ರೂಪಿನಲ್ಲಿ ಫಾರ್ವರ್ಡ್ ಬರ್ತದೆ. ನಮ್ಮ ಹಿರಿಯರು ದೀಕ್ಷಾಸ್ನಾನ ತಕೊಂಡಾಗ ಮನೆಯಿಂದ ಹೊರಗೆ ಬಿದ್ದವರಲ್ವಾ? ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನಿನವರು ನೇಯ್ಗೆ ಕಲಿಸಿ, 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿ ಕೆಲಸ ಕೊಟ್ಟದ್ದಕ್ಕೆ ಅವರ ಒಲೆ ಉರಿದದ್ದು. ಅವರ ಮಕ್ಕಳು ಇಂಥ ಮಾತಾಡಿದರೆ ನನಗೆ ತಡೀಲಿಕ್ಕೆ ಆಗುದಿಲ್ಲ.

ಅಯ್ಯೋ, ಜ್ವರದ ಹುಡುಗನ ವಿಷಯ ಬಿಟ್ಟೇ ಹೋಯ್ತು. ಮೊದಲು ಅದು. ಮಂಗಳೂರಲ್ಲಿ ಕಟ್ಟಡ ಕೆಲಸದವರಿಗೆ ಜ್ವರ ಬಂದರೆ ಮಲೇರಿಯಾ ಅಂತಲೇ ಹಿಡ್ಕೊಳ್ಬೇಕು. ಮೆಡಿಕಲ್ಲಿನಿಂದ ಪ್ಯಾರಾಸಿಟಮಾಲ್ ತಂದು ಸುಮ್ಮನೆ ಕೂರಬೇಡಿ. ವೆನ್‌ಲಾಕ್ ಸರ್ಕಾರಿ ಆಸ್ಪತ್ರೆಗೋ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೋ ಇವತ್ತೇ ಕರ್ಕೊಂಡು ಹೋಗಿ, ರಕ್ತ ಪರೀಕ್ಷೆಗೆ ದುಡ್ಡು ಕೊಡ್ಲಿಕ್ಕಿಲ್ಲ. ವೈವ್ಯಾಕ್ಸ್ ಅನ್ನುವ ಜಾತಿಯ ಮಲೇರಿಯಾ ಅಂತ ಬಂದರೆ ಸಾಧಾರಣವಾಗಿ 3 ದಿನ ಕ್ಲೋರೋಕ್ವಿನ್, 14 ದಿನ ಪ್ರೈಮಾಕ್ವಿನ್ ಕೊಡ್ತಾರೆ. ಮೂರನೇ ದಿನ ಜ್ವರ ಇಳೀತದೆ, ಇವರು ಪ್ರೈಮಾಕ್ವಿನ್ ಬಿಟ್ಟು ಕೆಲಸಕ್ಕೆ ಹತ್ತುತ್ತಾರೆ. ರೋಗ ಲಿವರಿನಲ್ಲಿ ಅಡಗಿ ಕೂತು ತಿಂಗಳು ಬಿಟ್ಟು ಮತ್ತೆ ಬರ್ತದೆ. 14 ದಿನವೂ ನೀನೇ ಎದುರು ನಿಂತು ನುಂಗಿಸು. ಸಿಮೆಂಟು ಗಟ್ಟಿಯಾಗ್ಲಿಕ್ಕೆ ನಿಲ್ಲಿಸಿದ ಕ್ಯೂರಿಂಗಿನ ನೀರು, ಡ್ರಮ್ಮಿನ ನೀರು ವಾರಕ್ಕೊಮ್ಮೆ ಖಾಲಿ ಮಾಡಿ ಒಣಗಿಸಿ, ಸೊಳ್ಳೆ ಹುಟ್ಟುದೇ ಅಲ್ಲಿ.

ಮತ್ತೆ ಹೇಳ್ತೇನೆ, ಪೂರ್ತಿ ಹಣ ಮೇಸ್ತ್ರಿ ಕೈಗೆ ಕೊಡಬೇಡಿ. ಇವತ್ತು ರಾತ್ರಿಯೇ ಒಬ್ಬೊಬ್ಬನನ್ನೇ ಕೂರಿಸಿ ಹೆಸರು, ಕೆಲಸ ಮಾಡಿದ ತಾರೀಕು, ಮಾತಾಡಿದ ಕೂಲಿ, ಖರ್ಚಿಗೆ ಸಿಕ್ಕಿದ್ದು ಬರ್ಕೊಳ್ಳಿ. ಹಿಂದಿಯಲ್ಲಿ ಓದಿ ಹೇಳಿ ಸಹಿ ಹಾಕಿಸಿ. ಉಳಿದ ಬಿಲ್ಲಿನಿಂದ ಆ ಬಾಕಿಯನ್ನು ನೇರ ಹುಡುಗರ ಖಾತೆಗೆ ಹಾಕಿ, ಲೆಕ್ಕ ಮೇಸ್ತ್ರಿಯ ವಾಟ್ಸಾಪಿಗೆ ಕಳಿಸಿ. ಸಾಲದಿದ್ದರೆ ಕಾರ್ಮಿಕ ಇಲಾಖೆಯ ಸಹಾಯವಾಣಿ 155214. ಅವರ ಆಧಾರ್ ಮೇಸ್ತ್ರಿಯ ಹತ್ತಿರ ಉಂಟಾ ಅಂತಲೂ ಕೇಳು. ರಕ್ತದ ರಿಪೋರ್ಟು ಬಂದ ಕೂಡಲೇ ಇಲ್ಲಿ ಹಾಕು ಮಗಾ.