ವರ್ಚುವಲ್ ಮೆಷಿನ್‌ಗೆ ಮೆಮೊರಿ ಲೇಟೆನ್ಸಿ, ಬ್ಯಾಂಡ್‌ವಿಡ್ತ್ ಕೊಟ್ಟರೂ ವೇಗ ಯಾಕೆ ಬದಲಾಗಲ್ಲ?

ಪ್ರಶ್ನೆ: ಮೇಡಂ, ಕ್ಯೂಎಮುನಲ್ಲಿ (ವರ್ಚುವಲ್ ಮೆಷಿನ್ ಓಡಿಸುವ ಸಾಫ್ಟ್‌ವೇರ್) ಎರಡು ನ್ಯೂಮಾ ನೋಡ್ (ಸಿಪಿಯು, ಮೆಮೊರಿಗಳ ಒಂದೊಂದು ಗುಂಪು) ಇರುವ ಗೆಸ್ಟ್, ಅಂದರೆ ವರ್ಚುವಲ್ ಮೆಷಿನ್, ಮಾಡಿಕೊಂಡಿದ್ದೇನೆ. ನೋಡ್ 0ರಲ್ಲಿ ಸಿಪಿಯು ಮತ್ತು 4 ಜಿಬಿ ಮೆಮೊರಿ. ನೋಡ್ 1ರಲ್ಲಿ ಬರೀ 4 ಜಿಬಿ ಮೆಮೊರಿ, ಸಿಪಿಯು ಇಲ್ಲ. ಅದನ್ನೇ ಸಿಎಕ್ಸ್‌ಎಲ್ ಮೆಮೊರಿ (ಪ್ರತ್ಯೇಕ ಲಿಂಕ್ ಮೂಲಕ ಸಿಪಿಯುಗೆ ಜೋಡಿಸುವ ಮೆಮೊರಿ) ಅಂತ ಇಟ್ಟುಕೊಂಡು ಪ್ರಯೋಗ ಮಾಡಬೇಕು. ಎಚ್‌ಮ್ಯಾಟ್ ಆಯ್ಕೆಯಲ್ಲಿ ಮೊದಲನೆಯದಕ್ಕೆ 90 ನ್ಯಾನೊಸೆಕೆಂಡ್ ಲೇಟೆನ್ಸಿ (ಡೇಟಾ ಬರಲು ಹಿಡಿಯುವ ತಡ), ಎರಡನೆಯದಕ್ಕೆ 250 ಕೊಟ್ಟೆ. ಗೆಸ್ಟ್ ಬೂಟ್ ಆಯ್ತು, ಎರರ್ ಇಲ್ಲ. ಆದರೆ ಒಳಗೆ ಅಳೆದರೆ ಎರಡೂ ನೋಡ್ ಒಂದೇ ವೇಗ. ಎಲ್ಲಿ ತಪ್ಪಿದೆ?

ಉತ್ತರ: ನಿಮ್ಮ ಸೆಟಪ್‌ನಲ್ಲಿ ತಪ್ಪೇನೂ ಇಲ್ಲ. ಆ ಆಯ್ಕೆ ಇರುವುದೇ ಬೇರೆ ಕೆಲಸಕ್ಕೆ. ಈ ಗೊಂದಲದಲ್ಲಿ ತುಂಬಾ ಜನ ವಾರಗಟ್ಟಲೆ ಕಳೆಯುತ್ತಾರೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎಚ್‌ಮ್ಯಾಟ್ ಎನ್ನುವುದು ಎಸಿಪಿಐನ (ಫರ್ಮ್‌ವೇರ್ ಆಪರೇಟಿಂಗ್ ಸಿಸ್ಟಮ್‌ಗೆ ಹಾರ್ಡ್‌ವೇರ್ ವಿವರ ಕೊಡುವ ಮಾನದಂಡ) ಒಂದು ಟೇಬಲ್. 2017ರಲ್ಲಿ ಬಂದ ಎಸಿಪಿಐ 6.2ರಲ್ಲಿ ಸೇರಿತು. ಈ ಸಿಪಿಯುನಿಂದ ಆ ಮೆಮೊರಿಗೆ ಇಷ್ಟು ಲೇಟೆನ್ಸಿ, ಇಷ್ಟು ಬ್ಯಾಂಡ್‌ವಿಡ್ತ್ ಅಂತ ಫರ್ಮ್‌ವೇರ್ ಆಪರೇಟಿಂಗ್ ಸಿಸ್ಟಮ್‌ಗೆ ತಿಳಿಸುವುದು ಇದರ ಮೂಲಕ. ಕ್ಯೂಎಮು 5.0ರಿಂದ ಈ ಟೇಬಲ್ ಅನ್ನು ನಾವೇ ತುಂಬಿ ಗೆಸ್ಟ್‌ಗೆ ಕೊಡಬಹುದು. ಆದರೆ ಕ್ಯೂಎಮು ಮಾಡುವುದು ಅಷ್ಟೇ, ಟೇಬಲ್ ಬರೆದು ಕೊಡುವುದು. ರಸ್ತೆ ಪಕ್ಕದ ಬೋರ್ಡ್‌ನಲ್ಲಿ 40 ಅಂತ ಬರೆದ ಮಾತ್ರಕ್ಕೆ ಗಾಡಿ ತಾನಾಗಿ ನಿಧಾನವಾಗಲ್ಲ, ಅಲ್ವಾ? ಬೋರ್ಡ್ ಓದಿ ಡ್ರೈವರ್ ಏನು ಮಾಡುತ್ತಾನೆ ಅನ್ನುವುದು ಮುಖ್ಯ. ಇಲ್ಲಿ ಡ್ರೈವರ್ ಅಂದರೆ ಗೆಸ್ಟ್‌ನ ಕರ್ನಲ್.

ಕೆವಿಎಂ (ಗೆಸ್ಟ್ ಅನ್ನು ನೇರವಾಗಿ ಸಿಪಿಯು ಮೇಲೆ ಓಡಿಸುವ ಲಿನಕ್ಸ್ ಸೌಲಭ್ಯ) ಬಳಸುವಾಗ ಗೆಸ್ಟ್‌ನ ಮೆಮೊರಿ ರೀಡ್, ರೈಟ್ ನೇರವಾಗಿ ಹಾರ್ಡ್‌ವೇರ್‌ಗೆ ಹೋಗುತ್ತವೆ. ಪೇಜ್ ಒಮ್ಮೆ ಮ್ಯಾಪ್ ಆದ ಮೇಲೆ ಕ್ಯೂಎಮು ನಡುವೆ ಬರುವುದೇ ಇಲ್ಲ. ನಡುವೆ ಇಲ್ಲದವರು ತಡ ಮಾಡಿಸುವುದಾದರೂ ಹೇಗೆ? ನಿಮ್ಮ ಎರಡೂ ನೋಡ್‌ಗಳ ಹಿಂದೆ ಇರುವುದು ಹೋಸ್ಟ್‌ನ, ಅಂದರೆ ನಿಜವಾದ ಕಂಪ್ಯೂಟರ್‌ನ, ಅದೇ ಡಿರ್ಯಾಮ್. ಅದಕ್ಕೇ ಒಂದೇ ವೇಗ.

ಪ್ರಶ್ನೆ: ಕೆವಿಎಂ ಬಿಟ್ಟು ಟಿಸಿಜಿಯಲ್ಲಿ (ಗೆಸ್ಟ್‌ನ ಇನ್‌ಸ್ಟ್ರಕ್ಷನ್‌ಗಳನ್ನು ಸಾಫ್ಟ್‌ವೇರ್‌ನಲ್ಲೇ ಅನುವಾದಿಸಿ ಓಡಿಸುವ ಕ್ಯೂಎಮು ವಿಧಾನ) ಓಡಿಸಿದರೆ? ಅಲ್ಲಿ ಪ್ರತಿ ಇನ್‌ಸ್ಟ್ರಕ್ಷನ್ ಕ್ಯೂಎಮು ಕೈಯಲ್ಲೇ ಇರುತ್ತಲ್ಲ?

ಉತ್ತರ: ಕೈಯಲ್ಲಿರುವುದು ನಿಜ, ಆದರೆ ಸಮಯದ ಮಾಡೆಲ್ ಇಲ್ಲ. ಟಿಸಿಜಿಗೆ ಕ್ಯಾಶ್ ಹಿಟ್ಟೂ ಒಂದೇ, ಮಿಸ್ಸೂ ಒಂದೇ. ಐಕೌಂಟ್ (ಇನ್‌ಸ್ಟ್ರಕ್ಷನ್ ಎಣಿಸುವ ಆಯ್ಕೆ) ಹಾಕಿದರೆ ಪ್ರತಿ ಇನ್‌ಸ್ಟ್ರಕ್ಷನ್‌ಗೆ ವರ್ಚುವಲ್ ಗಡಿಯಾರ ಒಂದು ನಿಗದಿತ ಅಳತೆಯಲ್ಲಿ ಮುಂದೆ ಹೋಗುತ್ತದೆ. ಆ ಇನ್‌ಸ್ಟ್ರಕ್ಷನ್ ಯಾವ ಮೆಮೊರಿಯನ್ನು ಮುಟ್ಟಿತು ಅನ್ನುವುದು ಲೆಕ್ಕಕ್ಕೆ ಬರಲ್ಲ. ಟಿಸಿಜಿಗೆ ಕ್ಯಾಶ್ ಪ್ಲಗಿನ್ ಒಂದಿದೆ, ಹಿಟ್ ಎಷ್ಟು, ಮಿಸ್ ಎಷ್ಟು ಅಂತ ಎಣಿಸಿ ಕೊಡುತ್ತದೆ. ಡೇಟಾ ಎಲ್ಲಿ ಹರಡಿದೆ ಅಂತ ನೋಡಲು ಒಳ್ಳೆಯದು, ಆದರೆ ಅದೂ ತಡ ಸೇರಿಸುವುದಿಲ್ಲ.

ಪ್ರಶ್ನೆ (ಇನ್ನೊಬ್ಬರು): ವೇಗ ಬದಲಾಗದ ಮೇಲೆ ಈ ಅಂಕಿಗಳನ್ನು ಸುಮ್ನೆ ಯಾಕೆ ತುಂಬಬೇಕು?

ಉತ್ತರ: ಸುಮ್ನೆ ಅಲ್ಲ. ಲಿನಕ್ಸ್ ಕರ್ನಲ್ ಈ ಅಂಕಿಗಳನ್ನು ಓದಿ ನಿರ್ಧಾರ ತೆಗೆದುಕೊಳ್ಳುತ್ತದೆ. 5.2ರಿಂದ ಇವು ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ತನ್ನ ಮಾಹಿತಿಯನ್ನು ಫೈಲ್‌ಗಳಾಗಿ ತೋರಿಸುವ ಜಾಗ) ಕಾಣುತ್ತವೆ. 6.1ರಲ್ಲಿ ಮೆಮೊರಿ ಟಿಯರ್ (ವೇಗದ ಪ್ರಕಾರ ಮೆಮೊರಿಯ ಹಂತಗಳು) ಬಂತು. 6.7ರಿಂದ ಯಾವ ನೋಡ್ ಯಾವ ಟಿಯರ್‌ಗೆ ಸೇರಬೇಕು ಅನ್ನುವ ಲೆಕ್ಕಕ್ಕೆ ಎಚ್‌ಮ್ಯಾಟ್ ಅಂಕಿಗಳನ್ನೂ ಬಳಸುತ್ತದೆ. ಬಿಸಿ ಪೇಜ್ (ಪದೇ ಪದೇ ಬಳಕೆಯಾಗುವುದು) ಮೇಲಿನ ಟಿಯರ್‌ಗೆ ಹೋಗುತ್ತದೋ ಇಲ್ಲವೋ, ತಣ್ಣಗಿನ ಪೇಜ್ ಕೆಳಗೆ ಇಳಿಯುತ್ತದೋ ಇಲ್ಲವೋ, ನಿಮ್ಮ ಅಲೊಕೇಟರ್ ಸರಿಯಾದ ನೋಡ್ ಆರಿಸುತ್ತದೋ ಇಲ್ಲವೋ, ಇವನ್ನೆಲ್ಲ ದುಬಾರಿ ಹಾರ್ಡ್‌ವೇರ್ ಕೈಯಲ್ಲಿ ಇಲ್ಲದೆಯೇ ಪರೀಕ್ಷಿಸಬಹುದು. ಇದು ಸಣ್ಣ ಉಪಯೋಗ ಅಲ್ಲ. ಡ್ರೈವರ್, ಕರ್ನಲ್ ಬರೆಯುವವರಿಗೆ ಇದು ದಿನನಿತ್ಯದ ಉಪಕರಣ. ನಿರ್ಧಾರ ಸರಿಯೇ ಎಂದು ಕೇಳಿದರೆ ಎಚ್‌ಮ್ಯಾಟ್ ಉತ್ತರ ಕೊಡುತ್ತದೆ. ಎಷ್ಟು ವೇಗ ಎಂದು ಕೇಳಿದರೆ ಕೊಡುವುದಿಲ್ಲ.

ಪ್ರಶ್ನೆ: ನನಗೆ ಗೆಸ್ಟ್ ಶುರುವೇ ಆಗುತ್ತಿಲ್ಲ ಮೇಡಂ. ನೋಡ್ 1ಕ್ಕೆ ಇನಿಶಿಯೇಟರ್ ಇಲ್ಲ ಅಂತ ಎರರ್. ಅದನ್ನು ಹೇಗೋ ಸರಿಮಾಡಿದರೆ ಬ್ಯಾಂಡ್‌ವಿಡ್ತ್ ಸಾಲಿನಲ್ಲಿ ಇನ್ನೊಂದು ಎರರ್. ಬ್ಯಾಂಡ್‌ವಿಡ್ತ್ 25.6ಜಿ ಅಂತ ಕೊಟ್ಟಿದ್ದೆ.

ಉತ್ತರ: ಮೊದಲನೆಯದು: ಮೆಷಿನ್ ಆಯ್ಕೆಯಲ್ಲಿ ಎಚ್‌ಮ್ಯಾಟ್ ಆನ್ ಮಾಡಿದ ಮೇಲೆ ಪ್ರತಿ ನೋಡ್‌ಗೂ ಇನಿಶಿಯೇಟರ್ ಬೇಕು, ಅಂದರೆ ಆ ಮೆಮೊರಿಗೆ ಹತ್ತಿರದ ಸಿಪಿಯು ಇರುವ ನೋಡ್. ಸಿಪಿಯು ಇರುವ ನೋಡ್‌ಗೆ ಅದೇ ಇನಿಶಿಯೇಟರ್, ಬೇರೆ ಹೇಳಬೇಕಿಲ್ಲ. ಸಿಪಿಯು ಇಲ್ಲದ ನೋಡ್‌ಗೆ ನೀವೇ ಹೇಳಬೇಕು: ನೋಡ್ 1ರ ಸಾಲಿನಲ್ಲಿ ಇನಿಶಿಯೇಟರ್ 0.

ಎರಡನೆಯದು: ಬ್ಯಾಂಡ್‌ವಿಡ್ತ್ ಅಂಕಿ ಸೆಕೆಂಡಿಗೆ ಇಷ್ಟು ಬೈಟ್ ಎಂದು, ಮತ್ತು ಅದು 1 ಎಂಬಿಯ ಪೂರ್ಣ ಗುಣಕ ಆಗಿರಬೇಕು. ಇಲ್ಲಿ ಜಿ ಅಂದರೆ 1024 ಎಂಬಿ. 25.6ಜಿ ಅಂದರೆ 26214.4 ಎಂಬಿ, ಸರಿಯಾಗಿ ಕೂರುವುದಿಲ್ಲ. ಡಿಡಿಆರ್4-3200ರ ಒಂದು ಚಾನೆಲ್‌ನ 25.6 ಜಿಬಿ ನಿಮ್ಮ ಮನಸ್ಸಿನಲ್ಲಿದ್ದರೆ, ಆ ಜಿಬಿ ಸಾವಿರದ ಲೆಕ್ಕದ್ದು. 24414ಎಂ ಅಂತ ಬರೆಯಿರಿ, ಹತ್ತಿರ ಬರುತ್ತದೆ. ಲೇಟೆನ್ಸಿ ಮಾತ್ರ ನ್ಯಾನೊಸೆಕೆಂಡ್‌ನಲ್ಲಿ, ಹಿಂದೆ ಅಕ್ಷರ ಬೇಡ.

ಇನ್ನೊಂದು ತೊಡಕೂ ಬರಬಹುದು. ಟೇಬಲ್‌ನಲ್ಲಿ ಒಂದೊಂದು ಅಂಕಿಗೆ 16 ಬಿಟ್ ಮಾತ್ರ ಜಾಗ, ಎಲ್ಲಕ್ಕೂ ಸೇರಿ ಒಂದು ಮೂಲ ಅಳತೆ. ಹಾಗಾಗಿ ಒಂದು ನೋಡ್‌ಗೆ 1 ಎಂಬಿ, ಇನ್ನೊಂದಕ್ಕೆ 1 ಟಿಬಿ ಅಂತ ಕೊಟ್ಟರೆ ಕ್ಯೂಎಮು ಒಪ್ಪುವುದಿಲ್ಲ. ಮೆಮೊರಿ ಪಕ್ಕದ ಕ್ಯಾಶ್ ಬೇಕಿದ್ದರೆ ಎಚ್‌ಮ್ಯಾಟ್-ಕ್ಯಾಶ್ ಸಾಲನ್ನು ಆ ನೋಡ್‌ನ ಲೇಟೆನ್ಸಿ, ಬ್ಯಾಂಡ್‌ವಿಡ್ತ್ ಎರಡೂ ಕೊಟ್ಟ ಮೇಲೆ ಹಾಕಿ. ಅದು ಸಿಪಿಯುವಿನ ಎಲ್1, ಎಲ್2 ಅಲ್ಲ, ಗೊಂದಲ ಬೇಡ.

ಪ್ರಶ್ನೆ: ಲಿಬ್‌ವರ್ಟ್‌ನಲ್ಲಿ (ವರ್ಚುವಲ್ ಮೆಷಿನ್‌ಗಳನ್ನು ನಿರ್ವಹಿಸುವ ಸಾಫ್ಟ್‌ವೇರ್) ಇದೇ ಮಾಡಬಹುದಾ?

ಉತ್ತರ: ಮಾಡಬಹುದು, 6.6.0ರಿಂದ. ಸಿಪಿಯು ಒಳಗಿನ ನ್ಯೂಮಾ ಭಾಗದಲ್ಲಿ ಇಂಟರ್‌ಕನೆಕ್ಟ್ಸ್ ಎಂಬ ಬ್ಲಾಕ್ ಬರೆಯಬೇಕು.

ಪ್ರಶ್ನೆ (ಮೊದಲು ಕೇಳಿದವರು): ಅಂಕಿಗಳನ್ನು ಹೇಗೆ ಆರಿಸಬೇಕು? ನಾನು 90, 250 ಅಂತ ಅಂದಾಜಿಗೆ ಕೊಟ್ಟಿದ್ದು.

ಉತ್ತರ: ನಿಮ್ಮ ಅಂದಾಜು ಕೆಟ್ಟದ್ದಲ್ಲ. ಸರ್ವರ್‌ಗಳಲ್ಲಿ ಲೋಕಲ್ ಡಿರ್ಯಾಮ್ ಸುಮಾರು 80ರಿಂದ 110 ನ್ಯಾನೊಸೆಕೆಂಡ್. ಪಕ್ಕದ ಸಾಕೆಟ್‌ನ (ಇನ್ನೊಂದು ಪ್ರೊಸೆಸರ್‌ನ) ಮೆಮೊರಿ ಹೆಚ್ಚುಕಡಿಮೆ ಅದರ ಒಂದೂವರೆ ಪಟ್ಟು. ನೇರವಾಗಿ ಜೋಡಿಸಿದ ಸಿಎಕ್ಸ್‌ಎಲ್ 200ರ ಆಚೀಚೆ.

ನಾನು ಒತ್ತಿ ಹೇಳುವುದು ಬೇರೆ ವಿಷಯ. ಲೇಟೆನ್ಸಿ, ಬ್ಯಾಂಡ್‌ವಿಡ್ತ್ ಎರಡನ್ನೂ ಸಂಬಂಧವೇ ಇಲ್ಲದ ಅಂಕಿಗಳ ಹಾಗೆ ಕೊಡಬೇಡಿ. ಒಂದು ಕೋರ್ ಏಕಕಾಲಕ್ಕೆ 12 ಕ್ಯಾಶ್ ಲೈನ್ ಕೇಳಬಲ್ಲದು ಅಂತ ಇಟ್ಟುಕೊಳ್ಳಿ. ಒಂದು ಲೈನ್ 64 ಬೈಟ್, ಒಟ್ಟು 768 ಬೈಟ್ ದಾರಿಯಲ್ಲಿರುತ್ತವೆ. ಲೇಟೆನ್ಸಿ 100 ನ್ಯಾನೊಸೆಕೆಂಡ್ ಆದರೆ ಆ ಕೋರ್‌ಗೆ ಸಿಗುವುದು ಸೆಕೆಂಡಿಗೆ 7.68 ಜಿಬಿ. ಲೇಟೆನ್ಸಿ 200 ಆದರೆ 3.84. ಚಾನೆಲ್ ಎಷ್ಟೇ ಅಗಲ ಇರಲಿ, ಒಂದು ಕೋರ್‌ಗೆ ಅಷ್ಟೇ. ಟೇಬಲ್‌ನಲ್ಲಿ ಬರೆಯುವ ಬ್ಯಾಂಡ್‌ವಿಡ್ತ್ ಇಡೀ ನೋಡ್‌ನದ್ದು, ಒಂದು ಕೋರ್‌ನದ್ದಲ್ಲ. ಒಂದೇ ಥ್ರೆಡ್‌ನಲ್ಲಿ ಅಳೆದು ಬಂದ ಅಂಕಿಯನ್ನು ಅಲ್ಲಿ ತುಂಬಿದರೆ ಕರ್ನಲ್‌ಗೆ ಸುಳ್ಳು ಹೇಳಿದ ಹಾಗಾಗುತ್ತದೆ. ಎಲ್ಲ ಕೋರ್ ಓಡಿಸಿ ಅಳೆಯಿರಿ. ಇಂಟೆಲ್‌ನ ಮೆಮೊರಿ ಲೇಟೆನ್ಸಿ ಚೆಕರ್ ಎರಡನ್ನೂ ಕೊಡುತ್ತದೆ, ಲೋಡ್ ಏರಿದಂತೆ ಲೇಟೆನ್ಸಿ ಹೇಗೆ ಏರುತ್ತದೆ ಅನ್ನುವುದನ್ನೂ ತೋರಿಸುತ್ತದೆ.

ಪ್ರಶ್ನೆ (ಇನ್ನೊಬ್ಬರು): ನನ್ನ ಗೆಸ್ಟ್‌ನಲ್ಲಿ ಎರಡು ಸಿಪಿಯು ನೋಡ್ ಇವೆ. ಒಂದು ಮೆಮೊರಿಗೆ ಎರಡು ಕಡೆಯಿಂದಲೂ ಲೇಟೆನ್ಸಿ ಕೊಟ್ಟೆ. ಸಿಸ್‌ಎಫ್‌ಎಸ್‌ನಲ್ಲಿ ಒಂದೇ ಕಾಣುತ್ತದೆ. ಇನ್ನೊಂದು ಎಲ್ಲಿ ಹೋಯ್ತು?

ಉತ್ತರ: ಟೇಬಲ್‌ನಲ್ಲೇ ಇದೆ, ಕರ್ನಲ್ ತೋರಿಸುತ್ತಿಲ್ಲ ಅಷ್ಟೇ. ನೋಡ್ ಫೋಲ್ಡರ್‌ನ ಒಳಗೆ ಆಕ್ಸೆಸ್0, ಆಕ್ಸೆಸ್1 ಅಂತ ಎರಡು ಇರುತ್ತವೆ. ಎರಡರಲ್ಲೂ ಅತಿ ಚೆನ್ನಾಗಿ ತಲುಪುವ ಇನಿಶಿಯೇಟರ್‌ನ ಅಂಕಿ ಮಾತ್ರ. ಆಕ್ಸೆಸ್0ರಲ್ಲಿ ಆಕ್ಸೆಲರೇಟರ್‌ಗಳೂ ಲೆಕ್ಕಕ್ಕೆ ಬರುತ್ತವೆ, ಆಕ್ಸೆಸ್1ರಲ್ಲಿ ಸಿಪಿಯು ಮಾತ್ರ. ಪೂರ್ತಿ ಟೇಬಲ್ ಬೇಕಾದರೆ ಬೂಟ್ ಲಾಗ್‌ನಲ್ಲಿ ಎಚ್‌ಮ್ಯಾಟ್ ಸಾಲುಗಳನ್ನು ಹುಡುಕಿ. ಏನೂ ಕಾಣದಿದ್ದರೆ ಕರ್ನಲ್ ಕಾನ್ಫಿಗ್‌ನಲ್ಲಿ ಎಸಿಪಿಐ ಎಚ್‌ಮ್ಯಾಟ್ ಆನ್ ಇದೆಯೇ ನೋಡಿ. ನ್ಯೂಮಾಸಿಟಿಎಲ್ ತೋರಿಸುವ 10, 20 ಇವೆಲ್ಲ ಸ್ಲಿಟ್ ಟೇಬಲ್‌ನ (ನೋಡ್‌ಗಳ ನಡುವಿನ ಸಾಪೇಕ್ಷ ದೂರ ಹೇಳುವ ಇನ್ನೊಂದು ಎಸಿಪಿಐ ಟೇಬಲ್) ದೂರ, ಇದಕ್ಕೆ ಸಂಬಂಧವಿಲ್ಲ.

ಪ್ರಶ್ನೆ (ಮೊದಲು ಕೇಳಿದವರು): ನನಗೆ ನಿಜವಾಗಿಯೂ ನಿಧಾನವಾದ ಮೆಮೊರಿ ಬೇಕು. ದಾರಿ ಇದೆಯಾ? ಹೋಸ್ಟ್‌ನಲ್ಲಿ ಎರಡು ಸಾಕೆಟ್ ಇವೆ.

ಉತ್ತರ: ಎರಡು ಸಾಕೆಟ್ ಇದ್ದರೆ ಅರ್ಧ ಕೆಲಸ ಆದ ಹಾಗೆ. ಗೆಸ್ಟ್‌ನ ಎಲ್ಲ ವಿಸಿಪಿಯುಗಳನ್ನು (ವರ್ಚುವಲ್ ಸಿಪಿಯು) ಹೋಸ್ಟ್‌ನ ನೋಡ್ 0ರ ಕೋರ್‌ಗಳಿಗೆ ಪಿನ್ ಮಾಡಿ. ಗೆಸ್ಟ್ ನೋಡ್ 0ರ ಮೆಮೊರಿ ಬ್ಯಾಕೆಂಡ್‌ಗೆ ಹೋಸ್ಟ್-ನೋಡ್ಸ್ 0, ನೋಡ್ 1ರದ್ದಕ್ಕೆ ಹೋಸ್ಟ್-ನೋಡ್ಸ್ 1 ಕೊಡಿ. ಎರಡಕ್ಕೂ ಪಾಲಿಸಿ ಬೈಂಡ್, ಪ್ರಿ-ಅಲೊಕ್ ಆನ್. ಈಗ ಗೆಸ್ಟ್‌ನ ನೋಡ್ 1 ನಿಜವಾಗಿಯೂ ಇಂಟರ್‌ಕನೆಕ್ಟ್ ದಾಟಿ ಹೋಗಬೇಕು, ಲೇಟೆನ್ಸಿ ತಾನಾಗಿ ಏರುತ್ತದೆ. ಸಿಎಕ್ಸ್‌ಎಲ್ ಅಧ್ಯಯನಗಳಲ್ಲಿ ಎಷ್ಟೋ ಜನ ಬಳಸುವ ದಾರಿ ಇದೇ. ಸಿಕ್ಕ ಅಂಕಿಗಳನ್ನು ಅಳೆದು ಎಚ್‌ಮ್ಯಾಟ್‌ನಲ್ಲಿ ಅವನ್ನೇ ಬರೆಯಿರಿ. ಆಗ ಕರ್ನಲ್ ನಂಬುವುದಕ್ಕೂ ಹಾರ್ಡ್‌ವೇರ್ ಮಾಡುವುದಕ್ಕೂ ತಾಳೆಯಾಗುತ್ತದೆ.

ಬ್ಯಾಂಡ್‌ವಿಡ್ತ್ ಇಳಿಸಲು ಇಂಟೆಲ್ ಸರ್ವರ್‌ಗಳಲ್ಲಿ ಎಂಬಿಎ (ಮೆಮೊರಿ ಬ್ಯಾಂಡ್‌ವಿಡ್ತ್ ಅಲೊಕೇಷನ್) ಸೌಲಭ್ಯ ಇದೆ. ಹೋಸ್ಟ್‌ನಲ್ಲಿ ರೆಸ್‌ಕಂಟ್ರೋಲ್ (ಇದಕ್ಕಾಗಿ ಲಿನಕ್ಸ್ ಕೊಡುವ ಇಂಟರ್ಫೇಸ್) ಮೂಲಕ ಶೇಕಡಾ ಲೆಕ್ಕದಲ್ಲಿ ಕೊಡಬೇಕು. ಅದು ಕೋರ್‌ನ ಕಡೆಯಿಂದ ತಡೆಯುತ್ತದೆ, ಮೆಮೊರಿಯ ಕಡೆಯಿಂದ ಅಲ್ಲ. ಹಾಗಾಗಿ ನೋಡ್ 1ನ್ನು ಮಾತ್ರ ಕಟ್ಟಿಹಾಕಲು ಆಗಲ್ಲ, ಆ ಕೋರ್‌ನ ಎರಡೂ ನೋಡ್‌ಗಳ ಸಂಚಾರ ಇಳಿಯುತ್ತದೆ. ಶೇಕಡಾ 50 ಅಂದರೆ ಸರಿಯಾಗಿ ಅರ್ಧ ಅಂತಲೂ ಅಲ್ಲ. ಕೊಟ್ಟ ಮೇಲೆ ಅಳೆದೇ ನೋಡಬೇಕು.

ಗೆಸ್ಟ್ ಒಳಗೆ ಅಳೆಯುವಾಗ ಗೆಸ್ಟ್‌ನಲ್ಲೂ ಹೋಸ್ಟ್‌ನಲ್ಲೂ ಹ್ಯೂಜ್ ಪೇಜ್ ಬಳಸಿ. ವರ್ಚುವಲ್ ಮೆಷಿನ್‌ನಲ್ಲಿ ಒಂದು ಟಿಎಲ್‌ಬಿ (ವಿಳಾಸ ಅನುವಾದಗಳ ಕ್ಯಾಶ್) ಮಿಸ್ ಆದರೆ ಎರಡು ಹಂತದ ಪೇಜ್ ಟೇಬಲ್ ದಾಟಬೇಕು. ನಾಲ್ಕು ಲೆವೆಲ್‌ನ ಟೇಬಲ್‌ಗಳಲ್ಲಿ ಅದು 24 ಮೆಮೊರಿ ಓದುಗಳವರೆಗೂ ಹೋಗಬಹುದು. 4 ಕೆಬಿ ಪೇಜ್‌ನಲ್ಲಿ ಅಳೆದರೆ ನಿಮಗೆ ಸಿಗುವ ಅಂಕಿಯಲ್ಲಿ ಡಿರ್ಯಾಮ್ ಎಷ್ಟು, ಪೇಜ್ ವಾಕ್ ಎಷ್ಟು ಅಂತ ಬಿಡಿಸಲಾಗದು.

ಪ್ರಶ್ನೆ: ಥೀಸಿಸ್‌ಗೆ ಇಷ್ಟು ಸಾಕಾ? ಗೈಡ್ 400 ನ್ಯಾನೊಸೆಕೆಂಡ್‌ವರೆಗೂ ಬೇರೆ ಬೇರೆ ಲೇಟೆನ್ಸಿ ಇಟ್ಟು ಗ್ರಾಫ್ ಕೇಳಿದ್ದಾರೆ.

ಉತ್ತರ: ಹಾಗಾದರೆ ಕ್ಯೂಎಮು ಒಂದೇ ಸಾಲದು. ಎರಡು ಸಾಕೆಟ್‌ನಲ್ಲಿ ಸಿಗುವುದು ಗ್ರಾಫ್‌ನ ಒಂದೋ ಎರಡೋ ಬಿಂದು ಮಾತ್ರ. ನಿಮಗೆ ಬೇಕಾದ ಲೇಟೆನ್ಸಿಯನ್ನು ಪ್ಯಾರಾಮೀಟರ್ ಆಗಿ ಕೊಟ್ಟು ಓಡಿಸಲು ಜೆಮ್5 ಎಂಬ ಸಿಮ್ಯುಲೇಟರ್ ಬಳಸಿ. ಅದು ಸಮಯವನ್ನೇ ಮಾಡೆಲ್ ಮಾಡುತ್ತದೆ. ಅಲ್ಲಿ ಸಿಪಿಯು ಮಾಡೆಲ್ ಆರಿಸುವಾಗ ಅಟಾಮಿಕ್ ಬೇಡ, ಅದರಲ್ಲಿ ಮೆಮೊರಿ ಕ್ಯೂಗಳ ತಡ ಬರುವುದಿಲ್ಲ. ಟೈಮಿಂಗ್ ಅಥವಾ ಓ3 (ಇನ್ನೂ ವಿವರವಾದ ಸಿಪಿಯು ಮಾಡೆಲ್) ಇರಲಿ. ನಿಧಾನ ಬಹಳ, ಇಡೀ ಡೇಟಾಬೇಸ್ ಓಡಿಸಲು ಹೋಗಬೇಡಿ. ಕೆಲಸದ ಮುಖ್ಯ ಭಾಗ ಶುರುವಾಗುವವರೆಗೆ ವೇಗದ ಮಾಡೆಲ್‌ನಲ್ಲಿ ಓಡಿಸಿ, ಚೆಕ್‌ಪಾಯಿಂಟ್ ತೆಗೆದು, ಅಲ್ಲಿಂದ ಓ3ಗೆ ಬದಲಿಸಿ.

ಟಿಯರಿಂಗ್ ನಿರ್ಧಾರಗಳ ಅಧ್ಯಾಯವನ್ನು ಕ್ಯೂಎಮುನಲ್ಲೇ ಮಾಡಿ. ಗೆಸ್ಟ್‌ನ ಕರ್ನಲ್ ಸೆಟ್ಟಿಂಗ್‌ಗಳಲ್ಲಿ ಡಿಮೋಷನ್ ಎನೇಬಲ್ಡ್ (ಪೇಜ್ ಕೆಳಗಿಳಿಸಲು) ಆನ್ ಮಾಡಿ, ನ್ಯೂಮಾ ಬ್ಯಾಲೆನ್ಸಿಂಗ್ (ಮೇಲೇರಿಸಲು) ಮೌಲ್ಯ 2 ಇಡಿ. ಇವೆರಡೂ ಇಲ್ಲದಿದ್ದರೆ ಟೇಬಲ್ ಎಷ್ಟು ಸರಿಯಾಗಿ ತುಂಬಿದರೂ ಪೇಜ್‌ಗಳು ಟಿಯರ್‌ಗಳ ನಡುವೆ ಮೇಲೆ ಕೆಳಗೆ ಓಡಾಡುವುದಿಲ್ಲ. ಆಮೇಲೆ ವಿಎಂಸ್ಟ್ಯಾಟ್‌ನಲ್ಲಿ ಪ್ರಮೋಟ್, ಡಿಮೋಟ್ ಎಣಿಕೆಗಳನ್ನು ಪ್ರಯೋಗದ ಮೊದಲೂ ನಂತರವೂ ಬರೆದಿಟ್ಟುಕೊಳ್ಳಿ. ಆ ಎರಡು ಎಣಿಕೆಗಳನ್ನು ಇಲ್ಲಿ ಹಾಕಿದರೆ ಮುಂದಿನದನ್ನು ಒಟ್ಟಿಗೆ ನೋಡೋಣ.